ಮಲಗಿ ನೋಡಿ ಕೊಂಡ ದೋಣಿ

ದೋಣಿ ಕೊಳ್ಳಲು ಹೊರಟ ಮೇಲೆ ಒಂದು ವರ್ಷ ನನ್ನ ಕಣ್ಣು ದೊಡ್ಡ ಕ್ಯಾಬಿನ್, ಅಂದರೆ ಮಲಗುವ ಕೋಣೆ, ಇರುವ ದೋಣಿಗಳ ಮೇಲೆಯೇ ಇತ್ತು. ಕೊನೆಗೆ, ಬಾಡಿಗೆ ದೋಣಿಗಳಲ್ಲಿ ಹೋಗಿ ಬಂದ ದಿನಗಳನ್ನು ಎಣಿಸಿ ನೋಡಿದೆ. ಹತ್ತು ಸಲ ನೀರಿಗಿಳಿದಿದ್ದರೆ ಎಂಟು ಸಲ ಸಂಜೆಯೊಳಗೆ ದಡ ಸೇರಿದ್ದೆವು. ರಾತ್ರಿ ಉಳಿದದ್ದು ಎರಡೇ ಸಲ, ಅದೂ ನಾನು ಮತ್ತು ಹೆಂಡತಿ ಮಾತ್ರ. ಹಾಗಾಗಿ 22ರಿಂದ 24 ಅಡಿಯ ದೋಣಿ ಸಾಕೆಂದುಕೊಂಡೆ. ಹಿಂದೆ ಎಲ್ಲರೂ ಕೂರುವ ತೆರೆದ ಜಾಗ, ಮುಂದೆ ಇಬ್ಬರು ಮಲಗುವ ಗೂಡು.

ತಳದ ಆಕಾರದ ಬಗ್ಗೆ ಬಹಳ ತಲೆ ಕೆಡಿಸಿಕೊಂಡೆ. ಆಳವಾದ ‘ವಿ’ ಆಕಾರದ ತಳ ಅಲೆಯನ್ನು ಸೀಳಿಕೊಂಡು ಮೆತ್ತಗೆ ಓಡುತ್ತದೆ, ಆದರೆ ಲಂಗರು ಹಾಕಿ ನಿಂತಾಗ ತೊಟ್ಟಿಲಿನಂತೆ ತೂಗುತ್ತದೆ. ಚಪ್ಪಟೆ ತಳ ನಿಂತಾಗ ಸ್ಥಿರ; ಓಡುವಾಗ ಪ್ರತಿ ಅಲೆಯ ಪೆಟ್ಟೂ ಬೆನ್ನಿಗೆ. ಮುಂದೆ ಚೂಪಾಗಿದ್ದು ಹಿಂದಕ್ಕೆ ಹೋದಂತೆ ಚಪ್ಪಟೆಯಾಗುವ ತಳವನ್ನು ಆರಿಸಿದೆ.

ಮಾರುವವರೆಲ್ಲ ಎಂಜಿನ್ ಓಡಿಸಿ ತೋರಿಸುತ್ತಿದ್ದರು. ನಾನು ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಮಲಗಲು ಬಿಡಿ ಎಂದು ಕೇಳುತ್ತಿದ್ದೆ. ಮೊದಲ ದೋಣಿಯಲ್ಲಿ ಹಾಸಿಗೆ ತುದಿಗೆ ಕಿರಿದಾಗಿ ನಮ್ಮ ನಾಲ್ಕು ಪಾದಗಳೂ ಒಂದರ ಮೇಲೊಂದು ಬಿದ್ದವು. ಎರಡನೆಯದರಲ್ಲಿ ಕಿವಿಯ ಪಕ್ಕದಲ್ಲೇ ಸಣ್ಣ ಅಲೆಗಳು ತಳದ ಅಂಚಿಗೆ ಬಡಿಯುತ್ತಿದ್ದವು: ಚಪ್, ಚಪ್, ಚಪ್. ಓಡುವಾಗ ಯಾರಿಗೂ ಕೇಳದ ಸದ್ದು, ರಾತ್ರಿಯಿಡೀ ನಿದ್ದೆಗೆಡಿಸುವ ಸದ್ದು. ಮೂರನೆಯದರಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರಲು ಸಾಧ್ಯವಾಯಿತು, ತಲೆಯ ಮೇಲೆ ತೆರೆಯುವ ಕಿಂಡಿಯೂ ಇತ್ತು. ಗಾಳಿಯಾಡದಿದ್ದರೆ ಇಬ್ಬರ ಉಸಿರಿನ ತೇವವೇ ಬೆಳಗಿನ ಹೊತ್ತಿಗೆ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ.

ಎಂಜಿನ್ ಔಟ್‌ಬೋರ್ಡ್, ಅಂದರೆ ದೋಣಿಯ ಹಿಂಬದಿಗೆ ಹೊರಗಡೆ ಕೂರಿಸುವಂಥದ್ದು, ಆಗಿರಲೇಬೇಕೆಂದು ಹಟ ಹಿಡಿದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಒಳಗಿನ ಎಂಜಿನ್ನಿನಿಂದ ಸೋರಿದರೆ ತಳದಲ್ಲೇ ಕೂರುತ್ತದೆ. ನಾವು ಮಲಗುವುದು ಅದರಿಂದ ಕೆಲವೇ ಅಡಿ ದೂರದಲ್ಲಿ. ದೀಪಗಳಿಗೊಂದು, ಎಂಜಿನ್ನಿಗೊಂದು ಎಂದು ಎರಡು ಬ್ಯಾಟರಿ ಹಾಕಿಸಿದೆ.

ನಾನು ಆರಿಸಿದ ಆ ಮೂರನೆಯದು ಹಳೆಯ ದೋಣಿಯಾದ್ದರಿಂದ ಮರದ ಸುತ್ತಿಗೆಯಿಂದ ಡೆಕ್ಕನ್ನು (ದೋಣಿಯ ಮೇಲ್ಹಾಸನ್ನು) ಗೇಣು ಗೇಣಿಗೂ ತಟ್ಟಿದೆ. ಫೈಬರ್‌ಗ್ಲಾಸ್ ಒಳಗಿನ ಪ್ಲೈವುಡ್ ಕೊಳೆತಿದ್ದರೆ ಸದ್ದು ಮಂದವಾಗುತ್ತದೆ. ಒಂದು ಕಂಬದ ಬುಡದಲ್ಲಿ ಹಾಗಾಯಿತು. ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಕಳೆಸಿಕೊಂಡೆ. ಪರೀಕ್ಷಾ ಓಟಕ್ಕೆ ನೀರು, ಇಂಧನ ಪೂರ್ತಿ ತುಂಬಿಸಿದೆ. ನೂರು ಲೀಟರ್ ನೀರೆಂದರೆ ನೂರು ಕಿಲೋ ತೂಕ. ಖಾಲಿ ದೋಣಿಯ ಚುರುಕನ್ನು ನಂಬುವಂತಿಲ್ಲ.

ಪ್ರತ್ಯೇಕ ಶೌಚಕೋಣೆಯನ್ನು ಬಿಟ್ಟುಕೊಡಬೇಕಾಯಿತು. ಹಾಸಿಗೆಯ ಕೆಳಗೆ ಎತ್ತಿಡುವಂಥ ಸಣ್ಣ ಶೌಚಪೆಟ್ಟಿಗೆ ಇದೆ. ಅದು ಎರಡು ರಾತ್ರಿಗೆ ತುಂಬುವುದರಿಂದ ಮೂರನೆಯ ದಿನ ದಡಕ್ಕೆ ಬರುತ್ತೇವೆ.