ಕುಚ್ಚಲಕ್ಕಿ ನೀರಿನಲ್ಲಿ ಪ್ಯಾರಮೀಸಿಯಂ ಸಾಕಿದ್ದು

ಪಿಯು ಬಯಾಲಜಿ ಲ್ಯಾಬ್ ನಡೆಸುವವರಿಗೆ ಪ್ಯಾರಮೀಸಿಯಂ ಅನ್ನುವ ಒಂದೇ ಕೋಶದ ನೀರಿನ ಜೀವಿಯ ಕಲ್ಚರಿನ ಮಂಡೆಬಿಸಿ ಹೊಸತಲ್ಲ. ಬೆಂಗಳೂರಿನಿಂದ ತರಿಸಿದರೆ ಬಾಟಲಿಗೆ ನಾನೂರೋ ಐನೂರೋ, ಕೊರಿಯರ್ ಬೇರೆ. ಘಾಟಿ ಇಳಿದು ಉಡುಪಿಗೆ ಮುಟ್ಟುವಾಗ ಮುಕ್ಕಾಲು ಪಾಲು ಸತ್ತಿರುತ್ತದೆ. ಕೇಳಿದರೆ "ಕಳಿಸುವಾಗ ಜೀವ ಇತ್ತು ಸರ್" ಎನ್ನುತ್ತಾರೆ. ಹೀಗೆಯೇ ಮೂರ್ನಾಲ್ಕು ಸಾವಿರ ಹೋಯಿತು. ಈಗ ನಮ್ಮ ಲ್ಯಾಬಿನಲ್ಲಿ ನಾನೇ ಸಾಕುತ್ತಿದ್ದೇನೆ. ಖರ್ಚು ಅಂದರೆ ಒಂದು ಮುಷ್ಟಿ ಕುಚ್ಚಲಕ್ಕಿ.

ಶುರು ಮಾಡಿದಾಗ ಸ್ಟಾಫ್ ರೂಮಿನಲ್ಲಿ ನಗದವರಿಲ್ಲ. "ಎಂತ ಮಾರಾಯ್ರೆ, ಲ್ಯಾಬಿನಲ್ಲಿ ಗಂಜಿ ಬೇಯಿಸುದಾ? ಅದರಲ್ಲಿ ನಾತ ಬಿಟ್ಟು ಬೇರೆ ಎಂತ ಹುಟ್ಟುದಿಲ್ಲ" ಅಂದರು ಒಬ್ಬ ಹಿರಿಯ ಸರ್. ನಾತದ ವಿಷಯದಲ್ಲಿ ಅವರ ಮಾತು ಸುಳ್ಳಾಗಲಿಲ್ಲ.

ಮೊದಲು ಎಲ್ಲರಂತೆ ಬೈಹುಲ್ಲು ಕುದಿಸಿದ ನೀರನ್ನೇ ಹಿಡಿದೆ. ಮೂರನೇ ದಿನಕ್ಕೆ ಮೇಲೆ ದಪ್ಪ ಕೆನೆ ಕಟ್ಟುತ್ತಿತ್ತು. ಬ್ಯಾಕ್ಟೀರಿಯಾ ಒಮ್ಮೆಲೇ ಜಾಸ್ತಿಯಾಗಿ ನೀರಿನ ಆಮ್ಲಜನಕ ಮುಗಿಸಿದರೆ ಪ್ಯಾರಮೀಸಿಯಂ ಬದುಕುವುದು ಹೇಗೆ? ಹಾಲಿನ ಹನಿ ಹಾಕಿದೆ, ಅಟೆಂಡರ್ ಬಾಟಲಿಯನ್ನು ಹೊರಗೆ ಇಟ್ಟು ಬಂದ. ಯೀಸ್ಟ್ ಹಾಕಿದೆ, ಒಂದು ವಾರ ಚೆನ್ನಾಗಿತ್ತು, ಆಮೇಲೆ ನೀರೆಲ್ಲ ಕದಡಿ ಸತ್ತವು. ಬೆಳ್ತಿಗೆ (ಬಿಳಿ) ಅಕ್ಕಿ ಕರಗಿ ಅಂಟಾಯಿತು. ಕುಚ್ಚಲಕ್ಕಿಯ ಕಾಳು ಮಾತ್ರ ಬೆಂದರೂ ಇಡಿಯಾಗಿ ತಳದಲ್ಲಿ ಕೂತಿತು. ಅದರಿಂದ ಗಂಜಿ ಸ್ವಲ್ಪ ಸ್ವಲ್ಪವೇ ಬಿಡುತ್ತದೆ, ಬ್ಯಾಕ್ಟೀರಿಯಾ ಹದವಾಗಿ ಬೆಳೆಯುತ್ತದೆ. ಬ್ಯಾಕ್ಟೀರಿಯಾ ತಿಂದು ಬದುಕುವ ಪ್ಯಾರಮೀಸಿಯಂಗೆ ಬೇಕಾದದ್ದು ಅಷ್ಟೇ.

ಲೀಟರ್ ಬಾವಿ ನೀರಿಗೆ ಹದಿನೈದಿಪ್ಪತ್ತು ಕಾಳು. ನಳ್ಳಿ ನೀರು ಬೇಡ, ಕ್ಲೋರಿನ್ ಇರುತ್ತದೆ. ಕಾಳನ್ನು ಆ ನೀರಿನಲ್ಲೇ ಕುದಿಸಿ, ತಣಿದ ಮೇಲೆ ಎರಡು ದಿನ ಸುಮ್ನೆ ಬಿಡಿ. ಆಮೇಲೆ ಬೀಜದ ನೀರು, ಅಂದರೆ ಪ್ಯಾರಮೀಸಿಯಂ ಇರುವ ಕೆರೆ ತೋಡಿನ ನೀರು ಹಾಕಿ. ಮಣಿಪಾಲದ ಮಣ್ಣಪಳ್ಳ ಕೆರೆಯಿಂದ ತಂದ ನೀರಿನಲ್ಲಿ ನನಗೆ ಪಾಚಿಯೇ ಜಾಸ್ತಿ ಸಿಕ್ಕಿತು. ಗದ್ದೆ ಬದಿಯ ತೋಡಿನಲ್ಲಿ ಕೊಳೆತ ಎಲೆ ಇರುವ ಕಡೆ ಒಳ್ಳೆಯ ಬೀಜ ಸಿಗುತ್ತದೆ. ಬಾಯಿಗೆ ತೆಳು ಬಟ್ಟೆ ಕಟ್ಟಲೇಬೇಕು, ಇಲ್ಲದಿದ್ದರೆ ಸೊಳ್ಳೆ ಮರಿಗಳ ಸಾಕಣೆಯಾಗುತ್ತದೆ. ಪ್ಯಾರಮೀಸಿಯಂ ತಿನ್ನುವ ಸೈಕ್ಲಾಪ್ಸ್ ಎಂಬ ಸಣ್ಣ ನೀರುಹುಳ ಕಂಡರೆ ಆ ಬಾಟಲಿಯ ಆಸೆ ಬಿಡಿ. ಮೂರು ವಾರಕ್ಕೊಮ್ಮೆ ಹೊಸ ಬಾಟಲಿಗೆ ದಾಟಿಸುತ್ತೇನೆ.

ಪ್ರಾಕ್ಟಿಕಲ್ ದಿನ ಕಲ್ಚರನ್ನು ಉದ್ದ ಕತ್ತಿನ ಫ್ಲಾಸ್ಕಿಗೆ ಹೊಯ್ಯುತ್ತೇನೆ. ಕತ್ತಿನಲ್ಲಿ ಹತ್ತಿ ಇಟ್ಟು ಮೇಲೆ ಶುದ್ಧ ಬಾವಿ ನೀರು ತುಂಬಿಸಿದರೆ, ಅವು ತಾವಾಗಿಯೇ ಮೇಲೆ ಹತ್ತಿ ಬರುತ್ತವೆ. ಬೆಳಕಿಗೆ ಹಿಡಿದರೆ ಕಾಲು ಮಿಲಿಮೀಟರಿನ ಬಿಳಿ ಚುಕ್ಕೆಗಳು ಬರಿಗಣ್ಣಿಗೇ ಕಾಣುತ್ತವೆ. ಒಂದೊಂದು ಹನಿಯಲ್ಲಿ ನಲವತ್ತು ಐವತ್ತು! ಸ್ಲೈಡಿನಲ್ಲಿ ಓಡುವುದನ್ನು ನಿಧಾನ ಮಾಡಲು ನೀರನ್ನು ಮಂದ ಮಾಡುವ ಮಿಥೈಲ್ ಸೆಲ್ಯುಲೋಸ್ ಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಹಿತ್ತಲಿನ ಒಂದು ಎಲೆಯ ಲೋಳೆ ಸಾಕು. ಯಾವ ಎಲೆ, ಎಷ್ಟು ತೆಳು ಮಾಡಬೇಕು ಅಂತ ಸದ್ಯಕ್ಕೆ ಹೇಳುವುದಿಲ್ಲ.

ನನಗೆ ಅತಿ ಖುಷಿ ಕೊಟ್ಟದ್ದು ಕಾಂಗೋ ರೆಡ್ ಎಂಬ ಬಣ್ಣ ಹಾಕಿ ಕುದಿಸಿದ ಯೀಸ್ಟ್. ಪ್ಯಾರಮೀಸಿಯಂ ಅದನ್ನು ತಿಂದ ಕೂಡಲೇ ಆಹಾರದ ಕುಹರ (ನುಂಗಿದ್ದು ಸೇರುವ ಗುಳ್ಳೆ) ಕೆಂಪು. ಒಳಗೆ ಆಮ್ಲ ಏರಿದಂತೆ ಅದು ನೀಲಿಗೆ ತಿರುಗುತ್ತದೆ, ಆಮೇಲೆ ಮತ್ತೆ ಕೆಂಪಾಗುತ್ತದೆ. ಒಂದೇ ಜೀವಕೋಶದಲ್ಲಿ ಜೀರ್ಣಕ್ರಿಯೆ ಪೂರ್ತಿ ಕಣ್ಣೆದುರು. ಒಂದು ಹನಿ ತೆಳು ಉಪ್ಪು ನೀರು ಬಿಟ್ಟರೆ ಒಳಗಿನ ಹೆಚ್ಚು ನೀರನ್ನು ಹೊರಹಾಕುವ ಸಂಕೋಚಕ ಕುಹರದ ಬಡಿತ ನಿಧಾನವಾಗುವುದನ್ನೂ ಎಣಿಸಬಹುದು. ಹೊರಗೆ ಉಪ್ಪಿದ್ದರೆ ಒಳಗೆ ನುಗ್ಗುವ ನೀರು ಕಡಿಮೆ, ಹೊರಹಾಕುವ ಕೆಲಸವೂ ಕಡಿಮೆ. ಪ್ಯಾರಮೀಸಿಯಂಗೆ ದೊಡ್ಡದು, ಚಿಕ್ಕದು ಎಂಬ ಎರಡು ಬಗೆಯ ಕೋಶಕೇಂದ್ರ. ಮಿಥೈಲ್ ಗ್ರೀನ್ ಬಣ್ಣದಲ್ಲಿ ದೊಡ್ಡದು ಚೆನ್ನಾಗಿ ಬರುತ್ತದೆ. ಚಿಕ್ಕದು ಮಕ್ಕಳಿಗೆ ಕಂಡದ್ದು ಅಪರೂಪ. ಕಂಡಿತು ಅಂತ ರೆಕಾರ್ಡಿನಲ್ಲಿ ಎಲ್ಲರೂ ಬರೆಯುತ್ತಾರೆ ಬಿಡಿ.

ಈ ಹುಚ್ಚಿನಲ್ಲೇ ಮಲ್ಪೆಗೂ ಹೋದೆ. ರಾತ್ರಿ ಅಲೆ ನೀಲಿಯಾಗಿ ಹೊಳೆಯುತ್ತದೆ ಅಂತ ಜನ ಸೇರುತ್ತಾರಲ್ಲ, ಅದು ನಾಕ್ಟಿಲುಕಾ ಎಂಬ ಸಮುದ್ರದ ಸಣ್ಣ ಜೀವಿ. ಬಾಟಲಿಯಲ್ಲಿ ತಂದು ಅಲುಗಿಸಿದರೆ ಮಿಂಚಿತು. ಮೈಕ್ರೋಸ್ಕೋಪಿನಲ್ಲಿ ಪಾರದರ್ಶಕ ಚೆಂಡು, ಅದಕ್ಕೊಂದು ಬಾಲದಂಥದು. ಅದೂ ಒಂದೇ ಜೀವಕೋಶ. ಅರಬ್ಬಿ ಸಮುದ್ರದ ಹಸಿರು ಬಗೆಯ ನಾಕ್ಟಿಲುಕಾದ ಹೊಟ್ಟೆಯಲ್ಲಿ ಪಾಚಿ ಜೀವಂತ ಇರುತ್ತದೆ. ಸಾಕಲು ನೋಡಿದೆ. ಬೆಳಿಗ್ಗೆಗೆ ಬಾಟಲಿ ತುಂಬ ಸತ್ತ ಲೋಳೆ. ಪೆಟ್ರೋಲ್ ದುಡ್ಡು ದಂಡ.

ಆದರೆ ವರ್ಗೀಕರಣದ ಪಾಠಕ್ಕೆ ಅದು ಒದಗಿತು. ವಿಜ್ಞಾನಿ ವಿಟ್ಟೇಕರ್ 1969ರಲ್ಲಿ ಜೀವಿಗಳನ್ನು ಐದು ಸಾಮ್ರಾಜ್ಯ ಮಾಡಿದರು ಅಂತ ನಾವು ಬಾಯಿಪಾಠ ಮಾಡಿಸುತ್ತೇವೆ. ಅದರಲ್ಲೊಂದು ಪ್ರೋಟಿಸ್ಟಾ, ಒಂದೇ ಕೋಶದ ಜೀವಿಗಳದ್ದು. ಪಠ್ಯದ ಪ್ರೋಟಿಸ್ಟಾದಲ್ಲಿ ಪ್ಯಾರಮೀಸಿಯಂ ಒಂದು ಗುಂಪು, ನಾಕ್ಟಿಲುಕಾದಂಥ ಡೈನೊಫ್ಲಾಜೆಲೇಟ್ ಇನ್ನೊಂದು, ಮಲೇರಿಯಾದ ಪ್ಲಾಸ್ಮೋಡಿಯಂ ಮತ್ತೊಂದು. ಈಗಿನ ವರ್ಗೀಕರಣದಲ್ಲಿ ಈ ಮೂರೂ ಹತ್ತಿರದ ನೆಂಟರು. ಕೋಶಪೊರೆಯ ಕೆಳಗೆ ಮೂರಕ್ಕೂ ಚಪ್ಪಟೆ ಚೀಲಗಳಿವೆ, ಡಿಎನ್‌ಎ ಕೂಡ ಅದನ್ನೇ ಹೇಳುತ್ತದೆ. ಗುಂಪಿಗೆ ಆಲ್ವಿಯೋಲೇಟಾ ಅನ್ನುತ್ತಾರೆ. ಆ ಚೀಲ ನಮ್ಮ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ, ನಿಜ. ಆದರೂ ಮಲ್ಪೆಯ ನೀಲಿ ಬೆಳಕು, ತೋಡಿನ ನೀರು, ಮಂಗಳೂರಿನ ಚಳಿಜ್ವರ ಒಂದೇ ಮನೆತನ ಅಂದಾಗ ಹಿಂದಿನ ಬೆಂಚೂ ಎದ್ದು ಕೂತಿತು. ಕೈಕಾಲು ನೋಡಿ ಗುಂಪು ಮಾಡುವುದಕ್ಕಿಂತ ಕೋಶದ ಒಳಗೆ ನೋಡಿ ಮಾಡುವುದು ಗಟ್ಟಿ ಅಲ್ವಾ?

ಈಗ ಅಕ್ಕಪಕ್ಕದ ಮೂರ್ನಾಲ್ಕು ಕಾಲೇಜಿನವರು ನನ್ನಿಂದಲೇ ಬೀಜ ಒಯ್ಯುತ್ತಾರೆ. ಗಂಜಿ ಅಂತ ನಕ್ಕ ಸರ್ ಕೂಡ ಮಗಳ ಶಾಲೆಗೆ ಅಂತ ಒಂದು ಬಾಟಲಿ ಕೇಳಿದರು. ದುಡ್ಡು ಬೇಡ, ಖಾಲಿ ಬಾಟಲಿ ತನ್ನಿ ಸಾಕು. ಏಪ್ರಿಲ್, ಮೇಯಲ್ಲಿ ಮಾತ್ರ ಕೇಳಬೇಡಿ. ಆ ಸೆಕೆಗೆ ನನ್ನದೇ ಉಳಿಯುವುದು ಕಷ್ಟ.