ಒಂದೇ ಬಾಣಲೆ, ನಾಲ್ಕು ಪೋರ್ಕ್ ಚಾಪ್, ಎರಡು ಸೇಬು

ಸೆಪ್ಟೆಂಬರ್ ಕೊನೆ ಬಂತು ಅಂದರೆ ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿರುವ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಫಜೀತಿ ಶುರು. ಸೇಬಿನ ಫಜೀತಿ. ಶನಿವಾರ ಮಕ್ಕಳನ್ನು ಕಟ್ಟಿಕೊಂಡು ತೋಟಕ್ಕೆ ಹೋಗುತ್ತೇವೆ, ಬಾಗಿಲಲ್ಲೇ ದುಡ್ಡು ತೆಗೆದುಕೊಂಡು ಕೈಗೆ ಒಂದು ಚೀಲ ಕೊಡುತ್ತಾರೆ, ದುಡ್ಡು ಕೊಟ್ಟಿದ್ದೀವಲ್ಲ ಅಂತ ಅದರ ಬಾಯಿ ಬಿರಿಯುವಷ್ಟು ತುಂಬಿಸಿಕೊಂಡು ಬರುತ್ತೇವೆ. ಅರ್ಧ ಬುಶೆಲ್ ಚೀಲ ಅಂದರೆ ಹೆಚ್ಚುಕಡಿಮೆ 20 ಪೌಂಡು, ಅಂದರೆ 9 ಕಿಲೋ. ಎರಡು ದಿನ ಎಲ್ಲರೂ ಖುಷಿಯಿಂದ ತಿನ್ನುತ್ತಾರೆ. ಮೂರನೇ ದಿನದಿಂದ ಆ ಚೀಲದ ಹತ್ತಿರ ಯಾರೂ ಸುಳಿಯುವುದಿಲ್ಲ. ಸೇಬಿನ ಕೇಸರಿಬಾತ್, ಗೊಜ್ಜು, ಹಲ್ವಾ ಎಲ್ಲ ಮಾಡಿ ಸುಸ್ತಾದ ಮೇಲೆ ನಾನು ಕಲಿತದ್ದು ಸೇಬು ಮತ್ತು ಪೋರ್ಕ್ ಚಾಪ್‌ನ, ಅಂದರೆ ಹಂದಿಮಾಂಸದ ದಪ್ಪ ತುಂಡಿನ, ಈ ಅಡುಗೆ. ಉಪ್ಪು ಹಚ್ಚಿಡುವ ಹೊತ್ತು ಬಿಟ್ಟರೆ 40 ನಿಮಿಷದ ಕೆಲಸ, ತೊಳೆಯೋಕೆ ಒಂದೇ ಪಾತ್ರೆ.

ಹಂದಿಮಾಂಸಕ್ಕೆ ಹಣ್ಣಾ ಅಂತ ಮೂಗು ಮುರಿಯಬೇಡಿ. ಕೊಡಗಿನ ಪಂದಿ ಕರಿಗೆ ಹಾಕುವ ಕಾಚಂಪುಳಿ ಏನು? ಅದೂ ಹಣ್ಣಿನ ರಸವೇ, ಕಪ್ಪಗೆ ಗಟ್ಟಿಯಾಗುವವರೆಗೆ ಬತ್ತಿಸಿದ್ದು ಅಷ್ಟೆ. ಹಂದಿಯ ಕೊಬ್ಬಿಗೆ ಹುಳಿ ಬೇಕೇ ಬೇಕು, ಇಲ್ಲದಿದ್ದರೆ ನಾಲ್ಕನೇ ತುತ್ತಿಗೆ ಬಾಯಿ ಕಟ್ಟುತ್ತದೆ. ಕೊಡಗಿನಲ್ಲಿ ಆ ಹುಳಿ ಕಾಚಂಪುಳಿಯಿಂದ ಬಂತು, ಯುರೋಪಿನಲ್ಲಿ ಸೇಬಿನಿಂದ. ಅಲ್ಲಿ ಹಳೆಯ ಕಾಲದಲ್ಲಿ ಹಂದಿಗಳು ಮರದಿಂದ ಉದುರಿದ ಹಣ್ಣು, ಓಕ್ ಕಾಯಿ ತಿಂದು ಕೊಬ್ಬುತ್ತಿದ್ದವು, ಚಳಿಗೆ ಮುಂಚೆ ನವೆಂಬರ್ ಹೊತ್ತಿಗೆ ಅವುಗಳನ್ನು ಕಡಿಯುತ್ತಿದ್ದರು. ಸೇಬು ಕೈಗೆ ಬರುವುದೂ ಅದೇ ಸುಮಾರಿಗೆ. ಫ್ರಾನ್ಸಿನ ನಾರ್ಮಂಡಿಯಲ್ಲಿ ಹಂದಿಮಾಂಸಕ್ಕೆ ಸೇಬು, ಸೈಡರ್, ಮೇಲಿಂದ ಕೆನೆ ಹಾಕುತ್ತಾರೆ. ಜರ್ಮನಿಯ ರೈನ್ ಸೀಮೆಯಲ್ಲಿ ಸೇಬು ಮತ್ತು ಆಲೂಗಡ್ಡೆ ಕಿವುಚಿ, ರಕ್ತದ ಸಾಸೇಜ್ ಜೊತೆ ಕೊಡುವ ಒಂದು ಅಡುಗೆಗೆ ಅವರ ಭಾಷೆಯಲ್ಲಿ 'ಆಕಾಶ ಮತ್ತು ಭೂಮಿ' ಅಂತಲೇ ಹೆಸರು. ಸೇಬು ಮೇಲಿನದು, ಆಲೂ ಮಣ್ಣಿನೊಳಗಿನದು. ಎಷ್ಟು ಚೆನ್ನಾಗಿದೆ ಅಲ್ವಾ?

ಈಗ ಮುಖ್ಯ ವಿಷಯ. ಒಂದೇ ಬಾಣಲೆ ಅಂದರೆ ಎಲ್ಲವನ್ನೂ ಒಟ್ಟಿಗೆ ಸುರಿಯುವುದಲ್ಲ. ಮೊದಲ ಸಲ ನಾನು ಮಾಡಿದ್ದು ಅದನ್ನೇ. ಚಾಪ್, ಈರುಳ್ಳಿ, ಸೇಬು ಎಲ್ಲ ಒಂದೇ ಸಲ ಬಿದ್ದವು, ಈರುಳ್ಳಿ ಮತ್ತು ಸೇಬು ನೀರು ಬಿಟ್ಟುಕೊಂಡವು, ಆ ನೀರಲ್ಲಿ ಮಾಂಸ ಹುರಿಯುವ ಬದಲು ಬೆಂದು ಬೂದಿ ಬಣ್ಣಕ್ಕೆ ತಿರುಗಿತು, ಸೇಬು ಗಂಜಿಯಾಯಿತು. ಒಬ್ಬೊಬ್ಬರೂ ತಮ್ಮ ಸರದಿಯಲ್ಲಿ ಬಾಣಲೆಗೆ ಇಳಿಯಬೇಕು. ಇಡೀ ಅಡುಗೆಯ ಗುಟ್ಟು ಇಷ್ಟೇ.

ನಾಲ್ಕು ಜನಕ್ಕೆ ಬೇಕಾದದ್ದು: ಮೂಳೆ ಇರುವ ನಾಲ್ಕು ಪೋರ್ಕ್ ಚಾಪ್, ಒಂದೊಂದೂ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ, 250 ಗ್ರಾಂ ಆಸುಪಾಸು. ಎರಡು ದೊಡ್ಡ ಸೇಬು. ಒಂದು ದೊಡ್ಡ ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ. ನಾಲ್ಕೈದು ಕಡ್ಡಿ ಥೈಮ್ ಅಥವಾ ಎಂಟು ಸೇಜ್ ಎಲೆ (ಎರಡೂ ಘಮಘಮಿಸುವ ಸೊಪ್ಪು). ಅರ್ಧ ಕಪ್ ಸೈಡರ್, ಅರ್ಧ ಕಪ್ ಚಿಕನ್ ಸ್ಟಾಕ್, ಅಂದರೆ ಕೋಳಿ ಬೇಯಿಸಿದ ಸಾರ. ಒಂದು ದೊಡ್ಡ ಚಮಚ ಡಿಜಾನ್ ಸಾಸಿವೆ (ಕಾಳಲ್ಲ, ಬಾಟಲಿಯಲ್ಲಿ ಸಿಗುವ ಫ್ರೆಂಚ್ ಸಾಸಿವೆ ಪೇಸ್ಟ್), ಎರಡು ಚಮಚ ಬೆಣ್ಣೆ, ಒಂದು ಚಮಚ ಎಣ್ಣೆ, ಒಂದು ಟೀಚಮಚ ವಿನೆಗರ್, ಉಪ್ಪು, ಕಾಳುಮೆಣಸು. ಅಮೆರಿಕದಲ್ಲಿ ಸೈಡರ್ ಅಂದರೆ ಸೋಸದ ಸೇಬಿನ ರಸ, ಬ್ರಿಟನ್ನಿನಲ್ಲಿ ಅಮಲೇರಿಸುವ ಪಾನೀಯ. ಈ ಅಡುಗೆಗೆ ಎರಡೂ ನಡೆಯುತ್ತವೆ, ಮಕ್ಕಳಿದ್ದರೆ ಮಾತ್ರ ಬಾಟಲಿ ನೋಡಿ ಕೊಳ್ಳಿ.

ತೆಳ್ಳಗಿನ ಚಾಪ್ ಅಗ್ಗ ಅಂತ ತರಬೇಡಿ. ಹೊರಗೆ ಕೆಂಪಾಗುವ ಹೊತ್ತಿಗೆ ಅದು ಒಳಗೆ ಚಪ್ಪಲಿ ಆಗಿರುತ್ತದೆ. ಪ್ಯಾಕೆಟ್ಟಿನ ಸಣ್ಣ ಅಕ್ಷರವನ್ನೂ ಓದಿ. ಇಲ್ಲಿನ ಎಷ್ಟೋ ಅಂಗಡಿಗಳ ಪೋರ್ಕ್‌ಗೆ ಮೊದಲೇ ಉಪ್ಪುನೀರು ಚುಚ್ಚಿರುತ್ತಾರೆ, ಅಂಥದ್ದಾದರೆ ನಾನು ಹೇಳುವ ಉಪ್ಪಿನಲ್ಲಿ ಅರ್ಧ ಸಾಕು.

ಸೇಬಿನ ವಿಷಯಕ್ಕೆ ಬಂದರೆ, ಎಲ್ಲ ಸೇಬೂ ಬಾಣಲೆಗೆ ಆಗಿಬರುವುದಿಲ್ಲ. ಮ್ಯಾಕಿಂಟಾಶ್ ಐದು ನಿಮಿಷದಲ್ಲಿ ಕರಗಿ ಸಾಸ್ ಆಗುತ್ತದೆ. ರೆಡ್ ಡಿಲೀಷಿಯಸ್ ನೋಡೋಕೆ ರಾಜ, ಬೆಂದರೆ ಹತ್ತಿ. ಹನಿಕ್ರಿಸ್ಪ್, ಪಿಂಕ್ ಲೇಡಿ, ಬ್ರೇಬರ್ನ್ ಗಟ್ಟಿ ನಿಲ್ಲುತ್ತವೆ. ಹುಳಿ ಇಷ್ಟ ಇದ್ದರೆ ಹಸಿರು ಗ್ರ್ಯಾನಿ ಸ್ಮಿತ್. ನಾನು ಒಂದು ಗ್ರ್ಯಾನಿ ಸ್ಮಿತ್, ಒಂದು ಹನಿಕ್ರಿಸ್ಪ್ ಹಾಕುತ್ತೇನೆ. ಸಿಪ್ಪೆ ತೆಗೆಯಬೇಡಿ, ಹೋಳು ಬಿಡಿಬಿಡಿಯಾಗಿ ನಿಲ್ಲುವುದೇ ಸಿಪ್ಪೆಯ ದೆಸೆಯಿಂದ. ಅರ್ಧ ಇಂಚು ದಪ್ಪದ ಹೋಳು ಮಾಡಿ, ಅದಕ್ಕಿಂತ ತೆಳ್ಳಗೆ ಬೇಡ.

ಹಿಂದಿನ ರಾತ್ರಿಯೇ ಚಾಪ್‌ಗಳಿಗೆ ಒಟ್ಟು ಎರಡು ಟೀಚಮಚ ಪುಡಿ ಉಪ್ಪು ಹಚ್ಚಿ, ತಟ್ಟೆಯಲ್ಲಿಟ್ಟು ಮುಚ್ಚದೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಡಿ. ಉಪ್ಪು ಮೊದಲು ನೀರು ಎಳೆಯುತ್ತದೆ, ಆಮೇಲೆ ಆ ಉಪ್ಪುನೀರನ್ನೇ ಮಾಂಸ ಮತ್ತೆ ಒಳಗೆ ಎಳೆದುಕೊಳ್ಳುತ್ತದೆ, ಅಷ್ಟರಲ್ಲಿ ಮೇಲ್ಮೈ ಒಣಗಿರುತ್ತದೆ. ರಾತ್ರಿ ನೆನಪಾಗಲಿಲ್ಲವಾ, ಅಡುಗೆಗೆ 40 ನಿಮಿಷ ಮುಂಚೆ ಹಚ್ಚಿದರೂ ನಡೆದೀತು. ಹಚ್ಚಿ ಹತ್ತೇ ನಿಮಿಷಕ್ಕೆ ಮಾತ್ರ ಬಾಣಲೆಗೆ ಹಾಕಬೇಡಿ, ಆಗ ಮಾಂಸದ ಮೈಯೆಲ್ಲ ಬೆವತಿರುತ್ತದೆ. ಹುರಿಯುವ ಮೊದಲು ಪೇಪರ್ ಟವೆಲ್‌ನಿಂದ ಒತ್ತಿ ಒತ್ತಿ ಒರೆಸಿ, ಮೆಣಸು ಉದುರಿಸಿ. ಅಂಚಿನ ಕೊಬ್ಬಿನ ಪಟ್ಟಿಗೆ ಎರಡು ಕಡೆ ಚಾಕುವಿನಿಂದ ಗೀರು ಹಾಕಿ, ಇಲ್ಲದಿದ್ದರೆ ಚಾಪ್ ಬಿಸಿಗೆ ಮುದುಡಿ ಬಟ್ಟಲಿನಂತಾಗುತ್ತದೆ.

ಓವನ್ 400 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಡಿ, ಸೆಲ್ಸಿಯಸ್‌ನಲ್ಲಿ 200. ಹನ್ನೆರಡು ಇಂಚಿನ ಕಬ್ಬಿಣದ ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ ಬಿಟ್ಟು, ಮೊದಲು ಚಾಪ್‌ಗಳನ್ನು ಇಕ್ಕಳದಲ್ಲಿ ಹಿಡಿದು ಕೊಬ್ಬಿನ ಅಂಚಿನ ಮೇಲೆ ನಿಲ್ಲಿಸಿ. ಒಂದೆರಡು ನಿಮಿಷ. ಕೊಬ್ಬು ಕರಗಿ ಬಾಣಲೆಗೆ ಇಳಿಯುತ್ತದೆ, ಆ ಪರಿಮಳಕ್ಕೇ ಮನೆಯವರು ಅಡುಗೆಮನೆಗೆ ಬರುತ್ತಾರೆ. ಆಮೇಲೆ ಮಲಗಿಸಿ ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ನಮ್ಮ ಕೈ ಸುಮ್ನೆ ಇರುವುದಿಲ್ಲ, ಪಲ್ಯ ತಿರುವಿದ ಅಭ್ಯಾಸ, ಆದರೂ ತಡೆದುಕೊಳ್ಳಿ. ದೋಸೆ ಹಾಗೇ ಇದು: ಕೆಂಪಾದಾಗ ತಾನಾಗಿ ಏಳುತ್ತದೆ. ಮಗುಚಿ ಇನ್ನೆರಡು ನಿಮಿಷ, ತೆಗೆದು ತಟ್ಟೆಯಲ್ಲಿಡಿ. ಒಳಗೆ ಇನ್ನೂ ಹಸಿಯೇ ಇರುತ್ತದೆ, ಗಾಬರಿ ಬೇಡ.

ಬಾಣಲೆಯಲ್ಲಿ ಒಂದು ಚಮಚದಷ್ಟು ಕೊಬ್ಬು ಉಳಿಸಿ ಮಿಕ್ಕದ್ದನ್ನು ಒಂದು ಡಬ್ಬಿಗೆ ಬಗ್ಗಿಸಿ. ಅದು ಮರುದಿನ ಆಲೂಗಡ್ಡೆ ಹುರಿಯೋಕೆ ಆಯಿತು. ಉರಿ ಸ್ವಲ್ಪ ಇಳಿಸಿ, ದಪ್ಪ ಹೆಚ್ಚಿದ ಈರುಳ್ಳಿ ಹಾಕಿ ಐದು ನಿಮಿಷ. ಅದನ್ನು ಬದಿಗೆ ಸರಿಸಿ ಒಂದು ಚಮಚ ಬೆಣ್ಣೆ ಹಾಕಿ ಸೇಬಿನ ಹೋಳು ಹರಡಿ, ಒಂದು ಮೈ ಕೆಂಪಾಗುವವರೆಗೆ ಮೂರು ನಿಮಿಷ. ಬೆಳ್ಳುಳ್ಳಿ, ಥೈಮ್, ಅರ್ಧ ನಿಮಿಷ. ಈಗ ಸೈಡರ್ ಮತ್ತು ಸ್ಟಾಕ್ ಸುರಿದು, ಬಾಣಲೆಯ ತಳಕ್ಕೆ ಅಂಟಿದ ಕಂದು ಚಕ್ಕೆಯನ್ನೆಲ್ಲ ಮರದ ಸೌಟಿನಿಂದ ಕೆರೆದು ಬಿಡಿಸಿ. ರುಚಿ ಇರುವುದು ಆ ಚಕ್ಕೆಯಲ್ಲೇ. ನಾನ್‌ಸ್ಟಿಕ್‌ನಲ್ಲಿ ಮಾಡಿದರೆ ಅದು ಸರಿಯಾಗಿ ಹುಟ್ಟುವುದೇ ಇಲ್ಲ. ಸಾಸಿವೆ ಕಲಸಿ, ರಸ ಅರ್ಧಕ್ಕೆ ಇಳಿಯಲಿ.

ಚಾಪ್‌ಗಳನ್ನು ಸೇಬಿನ ಮೇಲೆ ಇಟ್ಟು, ತಟ್ಟೆಯಲ್ಲಿ ಸೋರಿದ ರಸವನ್ನೂ ಬಿಡದೆ ಸುರಿದು, ಓವನ್‌ಗೆ ತಳ್ಳಿ. ಐದರಿಂದ ಎಂಟು ನಿಮಿಷ. ಓವನ್ ಇಲ್ಲದಿದ್ದರೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಅಷ್ಟೇ ಹೊತ್ತು.

ಇಲ್ಲಿ ಗಡಿಯಾರಕ್ಕಿಂತ ಥರ್ಮಾಮೀಟರ್ ನಂಬಿ. ಮೂಳೆಗೆ ತಾಗದಂತೆ ನಡುವೆ ಚುಚ್ಚಿದಾಗ 145 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 63 ಸೆಲ್ಸಿಯಸ್ ಇರಬೇಕು, ಹೊರತೆಗೆದ ಮೇಲೆ ಕನಿಷ್ಠ ಮೂರು ನಿಮಿಷ ಬಿಡಬೇಕು. ಅಮೆರಿಕದ ಕೃಷಿ ಇಲಾಖೆ 2011ರವರೆಗೆ 160 ಅನ್ನುತ್ತಿತ್ತು, ಆ ವರ್ಷ ಇಡೀ ತುಂಡುಗಳಿಗೆ 145ಕ್ಕೆ ಇಳಿಸಿತು. ಕೈಮಾಕ್ಕೆ ಈಗಲೂ 160. ಹಾಗಾಗಿ ನಡುವೆ ತುಸು ಗುಲಾಬಿ ಕಂಡರೆ ಹೆದರಬೇಡಿ. ಆದರೆ ಇದು ಇಲ್ಲಿನ ಮಾತು. ಊರಲ್ಲಿ ಮಾಡುವವರು, ಅದರಲ್ಲೂ ಮಾಂಸ ಎಲ್ಲಿಂದ ಬಂತೆಂದು ಗೊತ್ತಿಲ್ಲದವರು, 71 ಸೆಲ್ಸಿಯಸ್‌ವರೆಗೆ ಪೂರ್ತಿ ಬೇಯಿಸಿ. ಭಾರತದಲ್ಲಿ ಹಂದಿಯ ಲಾಡಿಹುಳುವಿನ ಕಾಟ ಇನ್ನೂ ಇದೆ. ಸ್ವಲ್ಪ ಒಣಗಿದರೆ ಒಣಗಲಿ, ಸಾಸ್ ಇದೆಯಲ್ಲ.

ಇನ್ನೊಂದು. ಓವನ್‌ನಿಂದ ಬಾಣಲೆ ತೆಗೆದು ಒಲೆಯ ಮೇಲಿಟ್ಟ ತಕ್ಷಣ ಹಿಡಿಗೆ ಒಂದು ದಪ್ಪ ಬಟ್ಟೆ ಸುತ್ತಿ. ಹಿಡಿ ನೋಡೋಕೆ ಯಾವಾಗಿನಂತೆಯೇ ಇರುತ್ತದೆ, ಬಿಸಿ ಮಾತ್ರ 400 ಡಿಗ್ರಿ. ನಾನು ಮಾತಾಡುತ್ತಾ ಬರಿಗೈಯಲ್ಲಿ ಹಿಡಿದು, ಆ ರಾತ್ರಿ ಊಟ ಎಡಗೈಯಲ್ಲಿ ಮಾಡಿದ್ದೇನೆ.

ಚಾಪ್ ತಟ್ಟೆಗೆ ಹೋದ ಮೇಲೆ, ಉರಿ ಇಲ್ಲದೆ, ಉಳಿದ ಬೆಣ್ಣೆ ಮತ್ತು ವಿನೆಗರ್ ಸಾಸಿಗೆ ಕಲಸಿ. ಉಪ್ಪು ನೋಡಿ. ಸಿಹಿ ಜಾಸ್ತಿ ಅನ್ನಿಸಿದರೆ ಇನ್ನೊಂದು ಹನಿ ವಿನೆಗರ್. ಕಾಚಂಪುಳಿ ಬಾಟಲಿ ಇದ್ದವರು ವಿನೆಗರ್ ಬದಲು ಅದನ್ನೇ ಕಾಲು ಟೀಚಮಚ ಹಾಕಿ ನೋಡಿ, ಆಮೇಲೆ ವಿನೆಗರ್ ಕಡೆ ತಿರುಗುವುದಿಲ್ಲ.

ಸೇಬು ಮುಗಿದರೆ ಗಟ್ಟಿ ಬಾಸ್ಕ್ ಪೇರ್ ಆಗುತ್ತದೆ, ಬೀಜವಿಲ್ಲದ ಕಪ್ಪು ದ್ರಾಕ್ಷಿ ಇಡಿಯಾಗಿ ಹಾಕಿದರೆ ಒಡೆದು ಸೊಗಸಾದ ರಸ ಬಿಡುತ್ತದೆ. ಪ್ಲಮ್ ಹಾಕುವುದಾದರೆ ಕೊನೆಯ ಎರಡು ನಿಮಿಷಕ್ಕೆ. ಹಸಿ ಅನಾನಸ್‌ನಲ್ಲಿ ಮಾತ್ರ ಮಾಂಸವನ್ನು ರಾತ್ರಿಯಿಡೀ ನೆನೆಸಬೇಡಿ, ಅದರಲ್ಲಿರುವ ಬ್ರೊಮೆಲೈನ್ ಮಾಂಸದ ಮೈಯನ್ನೇ ಮೆತ್ತಗೆ ಹಿಟ್ಟು ಮಾಡಿಬಿಡುತ್ತದೆ.

ಇಲ್ಲಿನವರು ಇದನ್ನು ಕಿವುಚಿದ ಆಲೂಗಡ್ಡೆ ಜೊತೆ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ಬಿಸಿ ಅನ್ನ, ಪಕ್ಕದಲ್ಲಿ ಹಸಿಮೆಣಸಿನಕಾಯಿ. ಉಳಿದರೆ ಮರುದಿನ ಮೈಕ್ರೋವೇವ್‌ಗೆ ಹಾಕಬೇಡಿ, ತೊಗಲಾಗುತ್ತದೆ. ತೆಳ್ಳಗೆ ಸೀಳಿ, ಸಾಸ್ ಜೊತೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಬ್ರೆಡ್ಡಿನ ನಡುವೆ ಇಟ್ಟು ಆಫೀಸಿಗೆ ಒಯ್ಯಿರಿ.