ಡಿಕ್ಕಿ ಹೊಡೆದ ಗಾಡಿಗೆ ಇನ್ಶೂರೆನ್ಸ್ ಇಲ್ಲವೇ? ಗಾಡಿ ಠಾಣೆ ಸೇರಲಿ

ಎದುರಿನ ಗಾಡಿಗೆ ಪಾಲಿಸಿ ಇದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ. ಇಲ್ಲದಿದ್ದರೆ ಗಾಡಿಯ ಮಾಲೀಕನೇ ಕೊಡಬೇಕು. ಕೋರ್ಟ್ ಆದೇಶ ಬಂದ ಮೇಲೂ ಅವನ ಜೇಬಿನಿಂದ ಹಣ ಹೊರಡಿಸುವುದು ಸುಲಭವಲ್ಲ. ಹಾಗಾಗಿ ಇಂಥ ಕೇಸಿನಲ್ಲಿ ನಿಮಗಿರುವ ಗಟ್ಟಿ ಹಿಡಿತ ಎಂದರೆ ಡಿಕ್ಕಿ ಹೊಡೆದ ಆ ಗಾಡಿಯೇ.

ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲು 112ಕ್ಕೆ ಕರೆ ಮಾಡಿ. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಗಾಯಾಳು ಒಬ್ಬರಿಗೆ 7 ದಿನದೊಳಗೆ 1.5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಡಿಕ್ಕಿ ಹೊಡೆದ ಗಾಡಿಗೆ ವಿಮೆ ಇಲ್ಲದಿದ್ದರೂ ಸಿಗುತ್ತದೆ. ಆಸ್ಪತ್ರೆಯಲ್ಲಿ ‘ಬಿದ್ದು ಪೆಟ್ಟಾಯಿತು’ ಎನ್ನಬೇಡಿ. ರಸ್ತೆ ಅಪಘಾತ ಎಂದೇ ಹೇಳಿ, ಎಂಎಲ್‌ಸಿ (ಪೊಲೀಸ್ ಕೇಸಿಗೆ ಬೇಕಾದ ಆಸ್ಪತ್ರೆ ದಾಖಲೆ) ಮಾಡಿಸಿ. ಅವಸರದಲ್ಲಿ ಅಲ್ಲಿ ಬರೆಸಿದ ಒಂದು ಸಾಲು ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ಎದುರು ಬಂದು ನಿಲ್ಲುತ್ತದೆ.

ಗಾಡಿಗಳನ್ನು ಪಕ್ಕಕ್ಕೆ ಸರಿಸುವ ಮುನ್ನ ಫೋಟೊ ತೆಗೆಯಿರಿ: ಎರಡೂ ಗಾಡಿ ನಿಂತಿರುವ ರೀತಿ, ನಂಬರ್ ಪ್ಲೇಟ್, ಟೈರಿನ ಗುರುತು, ಚೆಲ್ಲಿದ ಗಾಜು. ಚಾಲಕನ ಡಿಎಲ್, ಆರ್‌ಸಿ, ಕಣ್ಣಾರೆ ಕಂಡವರ ಫೋನ್ ನಂಬರ್ ಕೂಡ ಬೇಕು. ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ವಿಮೆ ಯಾವ ದಿನಾಂಕಕ್ಕೆ ಮುಗಿದಿದೆ ಎಂದು ತಿಳಿಯುತ್ತದೆ. ಫೋನಿನ ಗಡಿಯಾರವೂ ಕಾಣುವಂತೆ ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಗಡಿಯಾರ ಏಕೆಂದರೆ, ಅಪಘಾತ ಆದ ಮೇಲೆ ಆನ್‌ಲೈನಿನಲ್ಲಿ ಪಾಲಿಸಿ ಕೊಂಡು ಠಾಣೆಗೆ ತರುವವರಿದ್ದಾರೆ. ಪಾಲಿಸಿ ಶುರುವಾಗುವ ಗಂಟೆ, ನಿಮಿಷ ಅದರ ಮೇಲೆಯೇ ಅಚ್ಚಾಗಿದ್ದರೆ ಆ ಹೊತ್ತಿನಿಂದಷ್ಟೇ ಅದು ಲೆಕ್ಕಕ್ಕೆ ಬರುತ್ತದೆ. ದೂರಿನಲ್ಲಿ ‘ಸಂಜೆ ಸುಮಾರಿಗೆ’ ಎಂದು ಬರೆಸಿದರೆ ಹೊಸ ಪಾಲಿಸಿಗೂ ಅಪಘಾತಕ್ಕೂ ನಡುವಿನ ಅಂತರ ಮಸುಕಾಗಿ, ಕಂಪನಿ, ಮಾಲೀಕ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿ ವರ್ಷಗಟ್ಟಲೆ ಎಳೆಯುತ್ತಾರೆ. ‘ಸಂಜೆ 5.40’ ಎಂದೇ ಬರೆಸಿ.

‘ಕೇಸು ಬೇಡ, ಇಲ್ಲೇ ಮುಗಿಸೋಣ’ ಎಂಬ ಮಾತು ಖಂಡಿತ ಬರುತ್ತದೆ. ಬರೀ ಬಂಪರ್ ಗೀಚಿದ್ದರೆ ಅದೇ ವಾಸಿ, ಹಣ ಆಗಲೇ ಖಾತೆಗೆ ಬಂದರೆ. ಮೈಗೆ ಪೆಟ್ಟಾಗಿದ್ದರೆ ಮಾತ್ರ ಒಪ್ಪಬೇಡಿ. ಕುತ್ತಿಗೆ, ಬೆನ್ನಿನ ನೋವು ಎಷ್ಟೋ ಸಲ ಮಾರನೇ ದಿನ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ‘ಇನ್ನೇನೂ ಬಾಕಿ ಇಲ್ಲ’ ಎಂಬ ಚೀಟಿಗೆ ನೀವು ಸಹಿ ಹಾಕಿರುತ್ತೀರಿ.

ಎಫ್‌ಐಆರ್ ಆಗಲಿ, ಗಾಡಿಗೆ ವಿಮೆ ಇಲ್ಲವೆಂಬುದು ದೂರಿನಲ್ಲೇ ಇರಲಿ. ಪೊಲೀಸರು ಗಾಡಿ ವಶಕ್ಕೆ ಪಡೆದ ಮೇಲೆ ಮಾಲೀಕ ಅದನ್ನು ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕುತ್ತಾನೆ. ಬಹಳಷ್ಟು ಜನ ಎಡವುವುದು ಇಲ್ಲೇ. ವಿಮೆ ಇಲ್ಲದ ಗಾಡಿಯನ್ನು ಸಾಕಷ್ಟು ಭದ್ರತೆ ಪಡೆಯದೆ ಬಿಡಬಾರದು, ಮಾಲೀಕ ಭದ್ರತೆ ಕೊಡದಿದ್ದರೆ ಮೂರು ತಿಂಗಳಾದ ಮೇಲೆ ಹರಾಜು ಹಾಕಿ ಹಣವನ್ನು ಅಪಘಾತ ಪರಿಹಾರದ ನ್ಯಾಯಮಂಡಳಿಯಲ್ಲಿ ಇಡಬೇಕು ಎಂಬ ನಿಯಮವನ್ನು ಜಾರಿಗೆ ತರುವಂತೆ 2018ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿದೆ. ವಕೀಲರ ಮೂಲಕ ತಕ್ಷಣ ಆಕ್ಷೇಪಣೆ ಹಾಕಿಸಿ. ಬರೀ ಬಾಂಡ್ ಬರೆದುಕೊಟ್ಟು ಗಾಡಿ ಹೊರಬಿದ್ದರೆ ಮತ್ತೆ ಕೈಗೆ ಸಿಗುವುದು ಕಷ್ಟ.

ನಿಮ್ಮ ಕಾರಿನ ರಿಪೇರಿಗೆ ಇದನ್ನೆಲ್ಲ ಕಾಯಬೇಕಿಲ್ಲ. ನಿಮ್ಮದು ಕಾಂಪ್ರಹೆನ್ಸಿವ್ ಪಾಲಿಸಿಯಾದರೆ ತಪ್ಪು ಯಾರದೇ ಇರಲಿ, ನಿಮ್ಮ ಕಂಪನಿಯೇ ಕೊಡುತ್ತದೆ. ಅಂದೇ ತಿಳಿಸಿ. ಸರ್ವೇಯರ್ ಬಂದು ನೋಡುವವರೆಗೆ ಒಂದು ಬೋಲ್ಟೂ ಬಿಚ್ಚಿಸಬೇಡಿ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುತ್ತದೆ; ಐದು ವರ್ಷ ಕ್ಲೇಮ್ ಇಲ್ಲದವರಿಗೆ ಅದು ಓನ್ ಡ್ಯಾಮೇಜ್ (ನಿಮ್ಮ ಗಾಡಿಯ ಹಾನಿಗೆಂದು ಕಟ್ಟುವ) ಪ್ರೀಮಿಯಂನಲ್ಲಿ 50% ರಿಯಾಯಿತಿ. ಆದ್ದರಿಂದ ಸಣ್ಣ ಬಿಲ್ಲಿದ್ದರೆ ಲೆಕ್ಕ ಹಾಕಿ ನೋಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಿಂದ ನಿಮ್ಮ ಕಾರಿಗೆ ಚಿಕ್ಕಾಸೂ ಬರುವುದಿಲ್ಲ.

ಪರಿಹಾರದ ಅರ್ಜಿ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ಎಂಎಸಿಟಿಗೆ, ಅಂದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತದೆ. ಕಾಯ್ದೆ ಕೊಟ್ಟಿರುವ ಗಡುವು 6 ತಿಂಗಳು. ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಎಫ್‌ಐಆರ್, ಸ್ಥಳ ಮಹಜರು, ಐಎಂವಿ (ಮೋಟಾರು ವಾಹನ ನಿರೀಕ್ಷಕರ) ವರದಿ, ಗಾಯದ ಪ್ರಮಾಣಪತ್ರ, ಅಸಲಿ ಬಿಲ್ಲುಗಳು, ಸಂಬಳದ ದಾಖಲೆ ಸೇರಿಸಿ. ಚಾಲಕನ ಜತೆ ಮಾಲೀಕನನ್ನೂ ಪ್ರತಿವಾದಿ ಮಾಡಲೇಬೇಕು. ‘ಗಾಡಿ ಮಾರಿಬಿಟ್ಟಿದ್ದೇನೆ’ ಎಂದು ಅವನು ಕೈತೊಳೆದುಕೊಳ್ಳುವಂತಿಲ್ಲ. ಅಪಘಾತದ ದಿನ ಆರ್‌ಸಿ ಯಾರ ಹೆಸರಿನಲ್ಲಿತ್ತೋ ಅವರೇ ಹೊಣೆ. ತಪ್ಪು ಸಾಬೀತು ಮಾಡುವುದು ಕಷ್ಟವಾದರೆ 164ನೇ ಕಲಮು ಇದೆ: ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ. ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ ಕೊಡುವ 2 ಲಕ್ಷ, ತೀವ್ರ ಗಾಯಕ್ಕೆ ಕೊಡುವ 50 ಸಾವಿರಕ್ಕೆ ಇಲ್ಲಿ ಓಡಾಡಿ ಫಲವಿಲ್ಲ; ಅದು ಯಾವ ಗಾಡಿ ಎಂದೇ ಗೊತ್ತಾಗದ ಪ್ರಕರಣಗಳಿಗೆ.

ಆದೇಶವಾದ ಮೇಲೂ ಮಾಲೀಕ ಕಟ್ಟದಿದ್ದರೆ 174ನೇ ಕಲಮಿನಡಿ ನ್ಯಾಯಮಂಡಳಿಯಿಂದ ಜಿಲ್ಲಾಧಿಕಾರಿಗೆ ವಸೂಲಿ ಪತ್ರ ಕೇಳಿ. ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುತ್ತಾರೆ. ಮಾಲೀಕನ ಪಹಣಿ, ನಿವೇಶನದ ಖಾತೆ, ಬೇರೆ ಗಾಡಿಗಳ ನಂಬರ್ ನಿಮ್ಮ ಹತ್ತಿರ ಮೊದಲೇ ಇದ್ದರೆ ಕೆಲಸ ಬೇಗ ಸಾಗುತ್ತದೆ.